ಓಬಾಜನ ಬೆಟ್ಟದ ಮಸೊಯಿ ಮರ

ಪಾಪುವಾ ಕರಾವಳಿಯ ಒಂದು ಹಳ್ಳಿಯಲ್ಲಿ ಮಸೊಯಿ ತೊಗಟೆ ಸಿಗುವುದೇ ಕಷ್ಟವಾಗಿತ್ತು. ಹೆಮ್ಮರಗಳ ನೆರಳಲ್ಲಿ ನಿಧಾನವಾಗಿ ಬೆಳೆಯುವ, ಗಾಯವಾದರೆ ಕೊಬ್ಬರಿಯಂತೆ ಘಮ್ಮೆನ್ನುವ ಮರ ಅದು. ಊರಿನವರು ಒಂದೊಂದನ್ನೇ ಉರುಳಿಸಿ, ತೊಗಟೆ ಸುಲಿದು ಸುಗಂಧದ ಎಣ್ಣೆಗೆ ಮಾರಿದ್ದರು. ಈಗ ಕಾಯಿ ಬಿಡುವ ಮರ ಓಬಾಜನ ಬೆಟ್ಟದಲ್ಲಿ ಒಂದೇ ಉಳಿದಿತ್ತು.

ಓಬಾಜ ಮಚ್ಚು ಮಸೆಯುತ್ತಿದ್ದ. ಚರ್ಚಿನ ಮಹಿಳಾ ಕೂಟ ನಡೆಸುವ ಅಕ್ಕ ಆಗುಸ್ತೀನಾ ಬಂದಳು.

"ಯಾರ ಕುತ್ತಿಗೆಗೋ ಇದು?"

"ಮಸೊಯಿಗೆ ಅಕ್ಕಾ. ನಾನು ಬಿಟ್ರೆ ಪಕ್ಕದ ಮತ್ತಿಯಾಸ ಕಡೀತಾನೆ."

"ಅವನನ್ನ ಕೇಳಿದ್ರೆ ಓಬಾಜ ಕಡೀತಾನೆ ಅಂತಾನೆ. ಇಬ್ರೂ ಸೇರಿ ಬೆಟ್ಟ ಬೋಳಿಸಿದ್ರಿ."

"ಕಾಡು ದೇವರದ್ದು. ಮತ್ತೆ ಕೊಡ್ತಾನೆ ಬಿಡು."

"ಕೊಟ್ಟಿದ್ದಾನಲ್ಲ, ಕಾಯಿ ತುಂಬಿಸಿ! ಅದನ್ನೇ ಕಡಿದು, ಆಮೇಲೆ ಯಾವ ಬಾಯಲ್ಲಿ ಬೇಡ್ತೀಯ? ನಡಿ, ನೋಡಿ ಬರೋಣ."

ಮರದ ಬುಡದಲ್ಲಿ ಎಲೆಗಳ ನಡುವೆ ಗೇಣುದ್ದದ ಮಸೊಯಿ ಮರಿಗಳಿದ್ದವು. ಎದುರಿನ ಇಳಿಜಾರಿನಲ್ಲಿ ಅವನೇ ಹಿಂದೆ ಕಡಿದಿದ್ದ ಮಸೊಯಿಗಳ ಮೋಟುಗಳು. ಅವುಗಳ ಸುತ್ತ ಜರಿಗಿಡ ಬಿಟ್ಟರೆ ಒಂದು ಮರಿಯೂ ಇರಲಿಲ್ಲ. ಓಬಾಜ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿದ.

"ಹಾಗಾದ್ರೆ ಕಡಿಯಲ್ಲ. ಸುತ್ತ ತೊಗಟೆ ಮಾತ್ರ ಸುಲ್ಕೊತೀನಿ."

"ಸುತ್ತ ಸುಲಿದ್ರೆ ನಿಂತಲ್ಲೇ ಒಣಗುತ್ತೆ. ಸಾಸಿ ಹಾಕಿಸು."

ಚರ್ಚಿನಲ್ಲಿ ಪ್ರಾರ್ಥಿಸಿ ತೆಂಗಿನ ಎಳೆಗರಿ ಕಟ್ಟಿದರೆ ಅದು ಸಾಸಿ ಎಂಬ ಕಟ್ಟುಪಾಡು. ಮತ್ತೆ ಪ್ರಾರ್ಥಿಸಿ ಬಿಚ್ಚುವ ತನಕ ಒಡೆಯನೂ ಮುಟ್ಟುವಂತಿಲ್ಲ. ತೆಂಗಿಗೆ, ಸಮುದ್ರದ ಶಂಖಕ್ಕೆ ಸಾಸಿ ಹಾಕುತ್ತಿದ್ದ ಊರು, ತಾನಾಗಿ ಬೆಳೆಯುವ ಕಾಡುಮರಕ್ಕೇಕೆ ಎಂದು ಮಸೊಯಿಯನ್ನು ಬಿಟ್ಟಿತ್ತು.

"ಮತ್ತಿಯಾಸ ಕೇಳ್ತಾನಾ?"

"ನಿನ್ನ ಮಚ್ಚಿಗೆ ಹೆದರಲ್ಲ. ದೇವರ ಮುಂದೆ ಆಡಿದ ಮಾತಿಗೆ ಹೆದರ್ತಾನೆ. ಮೊದಲು ನೀನು ಆಡು."

ಭಾನುವಾರ ಓಬಾಜ ಸಭೆಯಲ್ಲಿ ಎದ್ದು ನಿಂತ.

"ಪಾಸ್ಟರೇ, ನನ್ನ ಮಸೊಯಿಗೆ ಸಾಸಿ ಹಾಕಿ. ಕೆಳಗಿನ ಮರಿಗಳು ಕಾಯಿ ಬಿಡೋವರೆಗೂ."

"ಅಷ್ಟೊತ್ತಿಗೆ ನೀನು ಹಲ್ಲುದುರಿದ ಮುದುಕನಲ್ಲೋ!" ಹಿಂದಿನ ಬೆಂಚಿನಿಂದ ಮತ್ತಿಯಾಸ ಕೂಗಿದ. ಜನ ನಕ್ಕರು.

"ಆಗ್ಲಿ ಬಿಡು," ಎಂದ ಓಬಾಜ. "ಆಗ ನಿನ್ನ ಮಗ ಬರ್ಲಿ. ತೊಗಟೇಲಿ ಅರ್ಧ ಅವನಿಗೆ."

ನಗು ನಿಂತಿತು. ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಬೆಟ್ಟದಲ್ಲಿ ಗರಿ ಕಟ್ಟುವಾಗ ಅದರ ಇನ್ನೊಂದು ತುದಿ ಹಿಡಿದು ಮರವನ್ನು ಬಳಸಿ ಬಂದವನು ಮತ್ತಿಯಾಸನೇ. ಗಂಟನ್ನು ಇಬ್ಬರೂ ಸೇರಿ ಬಿಗಿದರು.

ಬಂಧುಗಳೇ, ನಿಮ್ಮ ಪಾಲಿನ ಕಾಡಿನಲ್ಲಿ ಕಾಯಿ ಬಿಡುವ ಮಸೊಯಿ ಇದೆಯೇ? ಕಡಿಯಬೇಡಿ, ಸುತ್ತ ಸುಲಿಯಬೇಡಿ. ನೆರೆಯವನು ಕಡಿದಾನೆಂಬ ಭಯವಿದ್ದರೆ ಇಂದೇ ಅವನ ಮನೆಗೆ ಹೋಗಿ, ಕೂತು ಮಾತಾಡಿ. ಬರುವ ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಟ್ಟಿಗೆ ಎದ್ದು ನಿಂತು ಸಾಸಿ ಕೇಳಿ.