ಬಲಗಡೆಯ ಕೆಟಲು

ಹೇಳಿಬಿಡಬಹುದಲ್ಲ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಅಮ್ಮ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದವಳು ಎಂದು ಒಂದು ಮಾತು ಅಂದರೆ ಸಾಕು, ಪ್ರೆಸ್ಸಿನವರೆಲ್ಲ ಅಯ್ಯೋ ಪಾಪ ಎಂದು ಹೊಸ ಚಹಾಕ್ಕೆ ಒಪ್ಪಿಕೊಂಡಾರು. ಆದರೆ ಅಯ್ಯೋ ಪಾಪ ಎಂದು ಒಪ್ಪಿದ್ದು ಒಪ್ಪಿದ ಹಾಗೆಯೇ? ನಾಳೆಯಿಂದ ಲೋಟ ಎತ್ತುವಾಗೆಲ್ಲ ಅವರು ಅಮ್ಮನ ಮೇಲೆ ಕನಿಕರ ಪಡುತ್ತಾರೆ. ಅಮ್ಮನಿಗೆ ಜೀವಮಾನದಲ್ಲಿ ಸೇರದ ವಸ್ತು ಅದೊಂದೇ.

ಬೇಡ. ಗೆದ್ದರೆ ಚಹಾ ಗೆಲ್ಲಲಿ.

ಹೀಗೆ ತನ್ನಲ್ಲೇ ಗುದ್ದಾಡುತ್ತ ಅವನು ಪ್ರೆಸ್ಸಿನ ಅಡುಗೆಮೂಲೆಯಲ್ಲಿ ಎರಡು ಕೆಟಲುಗಳ ಮುಂದೆ ನಿಂತಿದ್ದ. ಕರಡು ತಿದ್ದುವುದು ಅವನ ಕೆಲಸ. ಅದೂ ಗುಹೆಯಂಥ ಒಂದು ಕೋಣೆಯಲ್ಲಿ ಒಬ್ಬನೇ ಕೂತು. ಹಾಗಾಗಿ ಎಲ್ಲರೂ ಅವನನ್ನು ಕರಡಿ ಎನ್ನುತ್ತಿದ್ದರು. ಆ ಕರಡಿ ಹೋದ ವಾರದ ಸಭೆಯಲ್ಲಿ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿದ್ದ.

"ನಾವು ಫೇರ್ ಟ್ರೇಡ್ ಚಹಾ, ಕಾಫಿ ತರಿಸೋಣ. ಎಲೆ ಕಿತ್ತವರಿಗೂ ಹಣ್ಣು ಬಿಡಿಸಿದವರಿಗೂ ನ್ಯಾಯವಾದ ಪಾಲು ಸೇರತ್ತೆ."

ಕರಡಿ ಮಾತಾಡಿತು ಎಂದು ಎಲ್ಲರೂ ಬೆರಗಿನಿಂದ ತಿರುಗಿ ನೋಡಿದರು. ಆಮೇಲೆ ಗುಡುಗಿದವನು ಮಷೀನಿನವನು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಅವನ ಪಿಸುಮಾತೂ ಬೀದಿಗೆ ಕೇಳುತ್ತಿತ್ತು. ಅವನ ಹೆಸರೇ ಗುಡುಗು.

"ಪುಣ್ಯ ಬೇಕಾದ್ರೆ ಮನೇಲಿ ಕಟ್ಕೋ ಮಾರಾಯ. ನನ್ನ ಚಹಾಕ್ಕೆ ಯಾಕೆ ಕೈ ಹಾಕ್ತೀಯ? ಅದೊಂದು ಸರಿಯಾಗಿದೆ ಈ ಪ್ರೆಸ್ಸಲ್ಲಿ."

ಯಜಮಾನಿ ನಕ್ಕು, ಪ್ರೆಸ್ಸಿನ ಪದ್ಧತಿಯಂತೆಯೇ ಆಗಲಿ ಎಂದರು. ಅಲ್ಲಿ ಶಾಯಿ ಬದಲಾಗಲಿ, ಅಂಟು ಬದಲಾಗಲಿ, ಹಳೆಯದನ್ನೂ ಹೊಸದನ್ನೂ ಹೆಸರು ಹೇಳದೆ ಅಕ್ಕಪಕ್ಕ ಇಡುತ್ತಾರೆ. ಒಬ್ಬೊಬ್ಬರೂ ಹಳೇ ಸೀಸದ ಅಚ್ಚುಮೊಳೆಯೊಂದನ್ನು ತಮಗೆ ಹಿಡಿಸಿದ ಕಡೆಯ ಡಬ್ಬಕ್ಕೆ ಹಾಕುತ್ತಾರೆ. ಹೊಸದನ್ನು ಸೂಚಿಸಿದವನೂ ಹಾಕಬೇಕು, ಆದರೆ ಮೇಜು ಮಾತ್ರ ಅವನು ಜೋಡಿಸುವಂತಿಲ್ಲ. ಚಹಾ ಗೆದ್ದರೆ ಕಾಫಿಯೂ ಅದರ ಬೆನ್ನಿಗೇ ಬದಲಾಗುತ್ತದೆ. ಸೋತರೆ ಆ ಮಾತು ಮತ್ತೆ ಎತ್ತುವಂತಿಲ್ಲ.

"ನನ್ನ ನಾಲಿಗೆ ಯಾವುದನ್ನ ಒಪ್ಪತ್ತೋ ಅದಕ್ಕೆ ನಾನು ಬದ್ಧ. ಆಮೇಲೆ ತುಟಿಪಿಟಕ್ ಅನ್ನಲ್ಲ," ಎಂದು ಗುಡುಗು ಎದೆ ತಟ್ಟಿದ್ದ.

ಕೆಟಲು ಇಡುವ ಕೆಲಸ ಮೊಳೆ ಮಾವನ ಪಾಲಿಗೆ ಬಂದಿತ್ತು. ಪ್ರೆಸ್ಸಿನಲ್ಲಿ ಇನ್ನೂ ಕೈಯಿಂದ ಅಚ್ಚುಮೊಳೆ ಜೋಡಿಸಬಲ್ಲವರು ಅವರೊಬ್ಬರೇ. ಹೊಸ ಚಹಾದ ಕೆಟಲಿನ ಹಿಡಿಗೆ ದಾರ ಕಟ್ಟಿ ಕರಡಿ ಅವರ ಕೈಗೆ ಕೊಟ್ಟ.

"ಮಾವ, ಇದು ಎಡಕ್ಕೆ. ಹಳೇದು ಬಲಕ್ಕೆ. ಇಟ್ಟ ಮೇಲೆ ದಾರ ಬಿಚ್ಚಿಬಿಡಿ."

"ನನಗೆ ಎಡ ಬಲ ಹೇಳಿಕೊಡ್ತೀಯಾ?" ಎನ್ನುತ್ತ ಮಾವ ಹೋದರು.

ಅಂದು ಕರಡಿಯ ಗುಹೆಯೇ ಮತಗಟ್ಟೆ. ಡಬ್ಬಗಳು ಅವನ ಮೇಜಿನ ಮೇಲಿದ್ದವು. ಹೊರಗೆ ಎಲ್ಲರೂ ಎರಡೆರಡು ಲೋಟ ಹಿಡಿದು, ಸುರ್ ಎಂದು ಹೀರಿ, ಕಣ್ಣು ಮುಚ್ಚಿ, ಇಲ್ಲದ ಗಾಂಭೀರ್ಯ ತಂದುಕೊಂಡರು. ಬೈಂಡಿಂಗ್ ಅಕ್ಕ ಮೂರು ಸಲ ಕುಡಿದಳು.

"ಅಕ್ಕ, ಇದು ಪರೀಕ್ಷೆ. ಊಟ ಅಲ್ಲ."

"ಬಿಟ್ಟಿ ಚಹಾಕ್ಕೆ ಲೆಕ್ಕ ಇಡಬೇಡ್ರೋ."

ಕರಡಿ ಎಡಗಡೆಯ ಲೋಟ ಎತ್ತಿದ. ಗುಟುಕು ಗಂಟಲಿಗಿಳಿಯುತ್ತಿದ್ದಂತೆ ಎದೆ ಹಗುರವಾಯಿತು. ಎಂಥ ಘಮ, ಎಂಥ ತಿಳಿ! ತೋಟದ ಬೆಳಗಿನ ತಂಪೇ ಅದರಲ್ಲಿ ಇದ್ದಂತಿತ್ತು. ಬಲಗಡೆಯದು ಬರೀ ಕಹಿ. ಅವನು ಕೋಣೆಗೆ ಹೋಗಿ ಎಡ ಡಬ್ಬಕ್ಕೆ ಮೊಳೆ ಹಾಕಿ ಬಂದ.

ಯಜಮಾನಿ ಡಬ್ಬಗಳನ್ನು ಎಲ್ಲರೆದುರು ಮಗುಚಿದರು. ಬಲ ಡಬ್ಬದಿಂದ ಮೊಳೆಗಳು ಜಲಜಲ ಸುರಿದು ಗುಡ್ಡೆಯಾದವು. ಎಡ ಡಬ್ಬದಿಂದ ಟಣ್ ಎಂದು ಒಂದೇ ಒಂದು ಮೊಳೆ ಬಿದ್ದು, ಉರುಳಿ, ನಿಂತಿತು.

ಗುಡುಗು ಮೇಜು ಕುಟ್ಟಿದ. "ನಾಲಿಗೆಗೆ ಮೋಸ ಮಾಡಕ್ಕಾಗತ್ತಾ? ಬಲಗಡೇದು ನಮ್ಮ ಹಳೇ ಚಹಾ. ಬಾಯಿಗಿಟ್ಟ ತಕ್ಷಣ ಗುರುತು ಹಿಡಿದೆ. ಏನು ಹದ, ಏನು ರುಚಿ! ಅದರ ಮುಂದೆ ಆ ಎಡಗಡೇದು ಕಲಗಚ್ಚು."

ಕರಡಿಯ ಮುಖ ಸಪ್ಪಗಾಯಿತು. ಅಮ್ಮನ ಬೆರಳುಗಳು ಕಣ್ಣ ಮುಂದೆ ಬಂದವು: ತುದಿಗಳು ಸೀಳಿ, ಕರೆ ಕೂತು, ಎಷ್ಟು ಉಜ್ಜಿದರೂ ಬಿಡದ ಕಪ್ಪು. ಒಳ್ಳೆಯ ಎಲೆ ಕಿತ್ತು ಕಳಿಸಿ, ಮನೆಯಲ್ಲಿ ಮಾತ್ರ ಕಾರ್ಖಾನೆಯ ನೆಲ ಗುಡಿಸಿದ ಪುಡಿ ಕುದಿಸಿ ಕುಡಿದವಳು. ಈಗ ಹೇಳಿದರೂ ಆಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಅಷ್ಟರಲ್ಲಿ ಮೊಳೆ ಮಾವ ಕೈ ಒರೆಸಿಕೊಳ್ಳುತ್ತ ಬಂದರು. "ಯಾವುದು ಗೆಲ್ತು?"

"ಬಲಗಡೇದು," ಎಂದಳು ಅಕ್ಕ.

"ಹಾಗಾದ್ರೆ ಹೊಸದು."

ಕರಡಿ ಮಾವನ ಕಿವಿಯಲ್ಲಿ ಮೆಲ್ಲನೆ ಕೇಳಿದ, "ಮಾವ, ಹೊಸದನ್ನ ಎಡಕ್ಕಿಡಿ ಅಂದಿದ್ದೆ."

"ಅದಕ್ಕೇ ಬಲಕ್ಕಿಟ್ಟೆ," ಎಂದರು ಮಾವ. ಅಂದ ಮೇಲೆ ತಮ್ಮ ಎರಡೂ ಕೈಗಳನ್ನು ತಾವೇ ನೋಡಿಕೊಂಡರು. ಅಚ್ಚಿನಲ್ಲಿ ಬಲಕ್ಕೆ ಕೂತದ್ದು ಕಾಗದದ ಮೇಲೆ ಎಡಕ್ಕೆ ಮೂಡುತ್ತದೆ. ಬದುಕೆಲ್ಲ ತಿರುವುಮುರುವಾಗಿ ಜೋಡಿಸಿದ ಕೈ, ಕೆಟಲನ್ನೂ ಹಾಗೆಯೇ ಜೋಡಿಸಿತ್ತು.

"ಸುಳ್ಳು," ಎಂದ ಗುಡುಗು. ಆದರೆ ಆ ದನಿ ಮೊದಲ ಸಲ ಬೀದಿಯವರೆಗೆ ಹೋಗಲಿಲ್ಲ.

ಯಜಮಾನಿ ಬಲಗಡೆಯ ಕೆಟಲಿನ ಮುಚ್ಚಳ ತೆಗೆದರು. ತಳದಲ್ಲಿ ಬಿಸಿನೀರಿಗೆ ಅರಳಿದ ಇಡೀ ಇಡೀ ಎಲೆಗಳು. ಎಡಗಡೆಯದರಲ್ಲಿ ಅದೇ ಹಳೆಯ ಕಪ್ಪು ಪುಡಿ. ಅವರು ಎರಡನ್ನೂ ಗುಡುಗಿನ ಮೂಗಿನ ಕೆಳಗೆ ಹಿಡಿದರು.

ಗುಡುಗು ಬಗ್ಗಿ ನೋಡಿದ, ಮತ್ತೆ ನೋಡಿದ. ಕೊನೆಗೆ ಖಾಲಿ ಲೋಟ ಮುಂದೆ ಚಾಚಿದ. "ನನ್ನ ನಾಲಿಗೆ ನನಗೇ ಕೈ ಕೊಡ್ತಲ್ಲ. ಹಾಕು ಕರಡಿ, ಇನ್ನೊಂದು ಲೋಟ. ಬಲಗಡೇದೇ ಹಾಕು."

ನಗೆಯ ಅಬ್ಬರಕ್ಕೆ ಕಿಟಕಿಯ ಗಾಜು ಅದುರಿತು. ಅಕ್ಕ ಕರಡಿಯ ಬೆನ್ನಿಗೆ ಅಂಟು ಮೆತ್ತಿದ ಕೈಯಿಂದಲೇ ಗುದ್ದಿದಳು. ಯಾರೋ ಮಾವನನ್ನು ಎತ್ತಿಕೊಂಡರು. ಇಳಿಸ್ರೋ, ಸೊಂಟ ನೋವಿದೆ, ಎಂದು ಅವರು ಬೈದರು. ಕರಡಿ ಎಲ್ಲರಿಗೂ ಚಹಾ ಬಗ್ಗಿಸುತ್ತ ಹೋದ. ಯಾರ ಮುಖದಲ್ಲೂ ಕನಿಕರ ಇರಲಿಲ್ಲ. ಇನ್ನೂ ಬೇಕು ಎಂಬ ಆಸೆಯಿತ್ತು.

ಸಂಜೆ ಅವನು ಒಂದು ಪೊಟ್ಟಣ ಮನೆಗೆ ಒಯ್ದ. ಅಮ್ಮ ಎಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ಮೂಸಿದಳು.

"ಎಳೇ ಎಲೆ. ಚೆನ್ನಾಗಿ ಕಿತ್ತಿದ್ದಾರೆ."

"ಕಿತ್ತವರಿಗೂ ಪಾಲು ಸೇರತ್ತಂತೆ. ಇನ್ಮೇಲೆ ಪ್ರೆಸ್ಸಿನವರೆಲ್ಲ ಇದನ್ನೇ ಕುಡೀತಾರೆ."

"ಸೇರಲಿ," ಎಂದು ಅಮ್ಮ ಲೋಟ ತುಂಬ ಬಗ್ಗಿಸಿಕೊಂಡಳು. ಎರಡನೆಯ ಸಲವೂ ಬಗ್ಗಿಸಿಕೊಂಡಳು.

ವಾರ ಕಳೆಯುವುದರೊಳಗೆ ಕಾಫಿಯೂ ಬಂತು. ಶಾಯಿ ಮಾರಲು ಬಂದವರನ್ನೆಲ್ಲ ಗುಡುಗು ಹಿಡಿದು ಕೂರಿಸಿ, ಇದು ನಾನೇ ಆರಿಸಿದ್ದು, ಎಂದು ಕುಡಿಸತೊಡಗಿದ. ಒಂದು ಪ್ರಶ್ನೆ ಮಾತ್ರ ಪ್ರೆಸ್ಸಿನ ಕಾಯಂ ತಮಾಷೆಯಾಗಿ ಉಳಿಯಿತು: ಆ ಹಳೇ ಪುಡಿಯನ್ನು ಮೆಚ್ಚಿದ ನಾಲಿಗೆಗೆಟ್ಟ ಮಹಾತ್ಮ ಯಾರು? ಅಕ್ಕ ಯಜಮಾನಿಯನ್ನು ಶಂಕಿಸಿದಳು. ಗುಡುಗು ಅಕ್ಕನನ್ನು. ಮಾವ ಎಲ್ಲರನ್ನೂ. ಕರಡಿಯನ್ನು ಯಾರೂ ಶಂಕಿಸಲಿಲ್ಲ.

ಎಡ ಡಬ್ಬದ ಆ ಒಂಟಿ ಮೊಳೆ ತನ್ನದೆಂದು ಅವನು ಯಾರಿಗೂ ಹೇಳಲಿಲ್ಲ.