ಫಿಕ್ರಿ ಕಾಕಾನ ಆಣೆ, ಶಿರ್ಬೀನಿಯ ತೂಕ

ಮನ್ಸೂರಾ ಊರಿನ ಶಿರ್ಬೀನಿ ತೂಕ ಇಳಿಸಲೆಂದು ಓಡಲು ನಿಂತ ಮೊದಲ ಬೆಳಗ್ಗೆ ನೈಲ್ ನದಿ ಅವನಿಗೆ ದಾರಿ ಬಿಟ್ಟು ಆಚೆ ದಡಕ್ಕೆ ಒತ್ತರಿಸಿ ನಿಂತಿತು. ಅವನ ಬೆವರು ಕಾಲುವೆಗಿಳಿದು ಭತ್ತದ ಗದ್ದೆಗಳಿಗೆ ಎರಡನೇ ಬೆಳೆಗೂ ಸಾಕಾಯಿತು. ಮೀನುಗಳು ತಲೆಯೆತ್ತಿ, "ಯಾರಪ್ಪಾ ಇವನು, ಸೇತುವೆನೇ ಅಲುಗಾಡ್ತಿದೆ" ಎಂದು ಮಾತಾಡಿಕೊಂಡವು. ನಂಬದವರು ಶಿರ್ಬೀನಿ ಓಡಿಸುವ ಮಿನಿಬಸ್ಸಿನಲ್ಲಿ ಒಮ್ಮೆ ಕೂತು ನೋಡಬೇಕು. ಇಳಿಯುವ ಹೊತ್ತಿಗೆ ಆ ಮೀನುಗಳ ಹೆಸರೂ ಗೊತ್ತಾಗಿರುತ್ತದೆ.

ಓಟಕ್ಕೆ ಕಾರಣ ಅವನ ಅಕ್ಕ ಇನ್ಸಾಫ್. ಅವ್ವ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಅವಳ ಲಿವರ್ ಕೈಕೊಟ್ಟಿತ್ತು. ಕಣ್ಣು ಅರಿಸಿನದಂತೆ ಹಳದಿಯಾಗಿತ್ತು. ತಮ್ಮನ ಲಿವರಿನ ಒಂದು ತುಂಡು ಕತ್ತರಿಸಿ ಅವಳಿಗೆ ಜೋಡಿಸಬೇಕು. ನೆಂಟರಿಷ್ಟರಲ್ಲಿ ಹೊಂದುವುದು ಅವನದೊಂದೇ. ಆದರೆ ಅದರ ತುಂಬ ಕೊಬ್ಬು ಕೂತಿತ್ತು.

"ಬರೀ ಓಡಿದ್ರೆ ಆಗಲ್ಲ, ಬರೀ ಉಪವಾಸನೂ ಬೇಡ" ಎಂದಿದ್ದರು ಡಾಕ್ಟರ್ ಲಮೀಸ್. "ದಿನಾ ಬಿರುಸಾಗಿ ನಡಿ. ದಿನ ಬಿಟ್ಟು ದಿನ ಭಾರ ಎತ್ತು, ಇಲ್ದಿದ್ರೆ ಕೊಬ್ಬಿನ ಜೊತೆ ಮೈಯ ಕಸುವೂ ಕರಗುತ್ತೆ. ತಟ್ಟೆ ಅರ್ಧ ತರಕಾರಿ. ಮೂರೂ ಒಟ್ಟಿಗೆ ನಡೀಬೇಕು. ಕೊಬ್ಬು ಇಳಿದ ಮಾರನೇ ವಾರವೇ ಆಪರೇಷನ್."

"ಅಷ್ಟೇನಾ ಡಾಕ್ಟ್ರೇ? ನನ್ನ ನೋಡಿದ್ರೆ ಕೊಬ್ಬೇ ಹೆದರಿ ಓಡುತ್ತೆ" ಎಂದಿದ್ದ ಶಿರ್ಬೀನಿ.

ಅಂದಿನಿಂದ ಊರೆಲ್ಲ ಅದೇ ಸುದ್ದಿ. ಶಿರ್ಬೀನಿ ಗರಡಿಯಲ್ಲಿ ಕಬ್ಬಿಣ ಎತ್ತಿದರೆ ಮೇಲಿನ ಮಹಡಿಯ ದರ್ಜಿಯೂ ಹೊಲಿಗೆ ಯಂತ್ರದ ಸಮೇತ ಮೇಲಕ್ಕೇರುತ್ತಿದ್ದನಂತೆ. ಸೌತೆಕಾಯಿ ತಿಂದು ತಿಂದು ಅವನ ಬೆವರೂ ಹಸಿರಾಗಿತ್ತಂತೆ.

ಇಷ್ಟಾದರೂ ಹೊಟ್ಟೆ ಮಾತ್ರ ಸ್ಟಿಯರಿಂಗ್ ಬಿಟ್ಟು ಹಿಂದೆ ಸರಿಯಲಿಲ್ಲ. ಯಾಕೆಂದು ಕೇಳಿದರೆ ಶಿರ್ಬೀನಿ ಹಣೆ ಬಡಿದುಕೊಳ್ಳುತ್ತಿದ್ದ. "ಏನ್ಮಾಡ್ಲಿ? ಅಕ್ಕನಿಗೆ ಲಿವರ್ ಕೊಡೋ ಗಂಡು ಅಂತ ಊರೇ ಉಣಿಸ್ತಿದೆ. ಈ ಬೀದಿಲಿ ಬಾತುಕೋಳಿ, ಆ ಬೀದಿಲಿ ಪಾರಿವಾಳ. ಎಲ್ಲಿಂದ ತಪ್ಪಿಸ್ಕೊಳ್ಳೋದು?"

ಎಲ್ಲಕ್ಕಿಂತ ದೊಡ್ಡ ಬೋನು ಮಾಂಸದಂಗಡಿ ಫಿಕ್ರಿ ಕಾಕಾನದು. ಅಂಗಡಿ ಮುಂದೆಯೇ ಕೆಂಡದ ಒಲೆ, ಒಲೆಯ ಮೇಲೆ ಸದಾ ಕೊಬ್ಬು ತೊಟ್ಟಿಕ್ಕುವ ಕಬಾಬು. ಶಿರ್ಬೀನಿ ಹಾದುಹೋದರೆ ಕಾಕಾ ತಟ್ಟೆ ಚಾಚುತ್ತಿದ್ದ: "ತಿನ್ನು! ತಿನ್ನದೆ ಹೋದ್ರೆ ನನ್ನ ಹೆಂಡ್ತಿಗೆ ತಲಾಖ್!"

ಅತಿಥಿಯ ಮುಂದೆ ಗಂಡಸು ಆ ಆಣೆ ಹಾಕಿದನೆಂದರೆ ಮುಗಿಯಿತು. ತಿಂದರೆ ಅಕ್ಕನಿಗೆ ದ್ರೋಹ. ತಿನ್ನದಿದ್ದರೆ ಏನೂ ಅರಿಯದ ಹೆಂಗಸೊಬ್ಬಳ ಸಂಸಾರ ಮುರಿದ ಪಾಪ. ಶಿರ್ಬೀನಿ ಆಕಾಶ ನೋಡಿ ನಿಟ್ಟುಸಿರು ಬಿಟ್ಟು ತಿನ್ನುತ್ತಿದ್ದ. ತಿಂದ ಮೇಲೆ ರೊಟ್ಟಿಯಿಂದ ತಟ್ಟೆಯನ್ನೂ ಒರೆಸುತ್ತಿದ್ದ. ಅರೆಬರೆ ತಿಂದರೆ ಅರೆ ತಲಾಖ್ ಆದೀತಲ್ಲ.

ರಾತ್ರಿ ಹಾಸಿಗೆಯಲ್ಲಿ ಮಾತ್ರ ಅವನ ಬಡಾಯಿ ನಿಲ್ಲುತ್ತಿತ್ತು. ಗೋಡೆಯ ಆಚೆ ಅಕ್ಕ ಕೆಮ್ಮುತ್ತಿದ್ದಳು. ಬಲಪಕ್ಕೆಯ ಮೇಲೆ ಕೈಯಿಟ್ಟು ಮಲಗಿದರೆ ಅಲ್ಲಿ ತಣ್ಣನೆಯ ಗೆರೆಯೊಂದು ಎಳೆದಂತಾಗುತ್ತಿತ್ತು. ಎಡಕ್ಕೆ ಹೊರಳಿದರೂ ಅದೇ ಗೆರೆ.

ತೂಕದ ದಿನ ಬಂತು. ಇನ್ಸಾಫ್ ಗೋಡೆ ಹಿಡಿದುಕೊಂಡೇ ಜೊತೆಗೆ ಬಂದಳು. ಡಾಕ್ಟರ್ ತಕ್ಕಡಿ ನೋಡಿದರು, ಸ್ಕ್ಯಾನ್ ನೋಡಿದರು, ಕನ್ನಡಕ ತೆಗೆದರು.

"ಇಳಿದಿಲ್ಲ, ಏರಿದೆ. ಇವರಿಗೆ ಇನ್ನು ಹೆಚ್ಚು ಕಾಲ ಕಾಯೋಕೆ ಆಗಲ್ಲ, ಶಿರ್ಬೀನಿ."

"ನಿಮ್ಮ ತಕ್ಕಡಿ ಕೆಟ್ಟಿರ್ಬೇಕು ಡಾಕ್ಟ್ರೇ! ಇಲ್ಲಾಂದ್ರೆ ಇದು ಆ ಫಿಕ್ರಿ ಕಾಕಾ ಹಾಕೋ ಆಣೆಯ ಕೆಲ್ಸ. ಅವನ ಸಂಸಾರ ಉಳಿಸೋಕೆ ನಾನು ಹಾಳಾದೆ!"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಫಿಕ್ರಿ ಕಾಕಾನೇ ನುಗ್ಗಿದ. ಮಾಂಸ ಕಡಿಯುವ ಏಪ್ರನ್ನನ್ನೂ ಬಿಚ್ಚಿರಲಿಲ್ಲ.

"ಇನ್ಸಾಫ್, ನಿನ್ನ ತಮ್ಮನಿಗೆ ಬುದ್ಧಿ ಹೇಳಮ್ಮಾ! ನನ್ನವಳು ಗಂಟುಮೂಟೆ ಕಟ್ಟಿ ತೌರಿಗೆ ಹೊರಟು ನಿಂತಿದಾಳೆ. 'ಕಬಾಬಿಗೊಂದ್ಸಲ ನಂಗೆ ತಲಾಖ್ ಅಂತೀಯಲ್ಲ, ನಾನೇನು ನಂಚ್ಕೊಳ್ಳೋ ಉಪ್ಪಿನಕಾಯಿನಾ' ಅಂತಾಳೆ. ಇವನು ಬಂದು ಅವಳಿಗೆ ನಿಜ ಹೇಳ್ಲಿ!"

"ಏನು ನಿಜ, ಕಾಕಾ?" ಎಂದಳು ಇನ್ಸಾಫ್.

"ಆಣೆ ಹಾಕು ಅಂತ ಹೇಳಿಕೊಟ್ಟಿದ್ದೇ ಇವನು! ನಾನು, 'ಸೊಪ್ಪು ತಿನ್ನಪ್ಪಾ, ಹೋಗು' ಅಂದೆ. 'ಇಲ್ಲ ಕಾಕಾ, ಜೋರಾಗಿ ಒಂದು ಆಣೆ ಹಾಕು, ನಾಲ್ಕು ಜನ ಕೇಳ್ಲಿ' ಅಂದ. ನಿನ್ನೆ ನಾನು ಮರೆತ್ರೆ ನಿಂತು ನೆನಪಿಸಿದ!"

ಶಿರ್ಬೀನಿ ಬಾಗಿಲ ಕಡೆ ನೋಡಿದ. ಅಲ್ಲಿ ಫಿಕ್ರಿ ಅಡ್ಡ ನಿಂತಿದ್ದ. ಕಿಟಕಿಯ ಕಡೆ ನೋಡಿದ. ಅಲ್ಲಿ ಅಕ್ಕ ಕೂತಿದ್ದಳು. ತಕ್ಕಡಿಯಿಂದ ಇಳಿಯುವುದನ್ನೂ ಅವನು ಮರೆತಿದ್ದ.

ಇನ್ಸಾಫ್ ಬೈಯಲಿಲ್ಲ. "ಹೆದರಿಕೆನಾ ಕಣೋ?" ಎಂದಳು ಮೆಲ್ಲಗೆ. "ಬೇಡ ಅನ್ನಿಸಿದ್ರೆ ಬೇಡ ಅನ್ನು. ನಿನ್ನ ಮೈ ನಿಂದು. ನಾನು ಸಿಟ್ಟಾಗಲ್ಲ."

ತಪ್ಪಿಸಿಕೊಳ್ಳುವ ಬಾಗಿಲನ್ನು ಅಕ್ಕನೇ ತೆರೆದಿದ್ದಳು. ಬೇಡ ಎಂಬ ಒಂದು ಮಾತು ಸಾಕಿತ್ತು. ಶಿರ್ಬೀನಿ ಅವಳ ಹಳದಿ ಕಣ್ಣು ನೋಡಿದ.

"ಬೇಡ ಅಂತಲ್ಲ ಅಕ್ಕಾ. ತೂಕ ಇಳಿದ್ರೆ ಕತ್ತಿ. ಇಳೀದಿದ್ರೆ ನೀನು... ನಾಲ್ಕು ಜನರ ಮುಂದೆ ಯಾರಾದ್ರೂ ಬಲವಂತ ಮಾಡ್ಲಿ ಅಂತ ಕಾಯ್ತಿದ್ದೆ. ತಪ್ಪು ನಂದಲ್ಲ ಅನ್ನಿಸ್ಕೊಳ್ಳೋಕೆ."

"ಮತ್ತೆ ಆ ಓಟ? ಗರಡಿ?" ಎಂದರು ಡಾಕ್ಟರ್. "ದಿನಾ ಎಷ್ಟು ದೂರ ಹೋಗ್ತಿದ್ದೆ? ನಿಜ ಹೇಳು. ಇವತ್ತಿಂದ ಅಲ್ಲಿಂದಲೇ ಶುರು ಮಾಡೋಣ."

ಶಿರ್ಬೀನಿ ತಕ್ಕಡಿಯ ಮೇಲೆಯೇ ತಲೆ ತಗ್ಗಿಸಿದ.

"ಗರಡಿಲಿ ಬರೀ ಚಹಾ ಕುಡೀತಿದ್ದೆ. ನದಿ ಸರೀಲೂ ಇಲ್ಲ, ನಾನು ಓಡ್ಲೂ ಇಲ್ಲ ಡಾಕ್ಟ್ರೇ. ದಂಡೆ ಮೇಲೆ ಮೊದಲನೇ ಬೆಂಚ್ ಇದೆಯಲ್ಲ, ಅಲ್ಲಿ ತನಕ. ಅದೂ ಎರಡು ಸಲ ನಿಂತು."