ಮೋರಿಗೆ ಹರಿದ ಹರಿವೆ ನೀರು

ಮುನಿಲಕ್ಷ್ಮಮ್ಮ ಸೊಪ್ಪು ಮಾರಲು ಬರುತ್ತಿದ್ದಳೋ ಬೈಯಲು ಬರುತ್ತಿದ್ದಳೋ ಎಂಬ ಅನುಮಾನ ಜಯನಗರದ ಆ ಹೊಸ ಬೀದಿಯಲ್ಲಿ ಎಲ್ಲರಿಗೂ ಇತ್ತು. ತಲೆಯ ಮೇಲೆ ಮಂಕರಿ, ಬಲಗಾಲನ್ನು ತುಸು ಎಳೆದು ಹಾಕಿದರೂ ಎಂದೂ ನಿಧಾನವಾಗದ ನಡಿಗೆ, ಕಡುಬೇಸಿಗೆಯಲ್ಲೂ ಕಳಚದ, ಗತಿಸಿದ ಗಂಡನ ಖಾಕಿ ಕೋಟು. "ಸೊಪ್ಪೂ" ಎಂದು ಆಕೆ ಕೂಗಿದವಳೇ ಅಲ್ಲ. ಗೇಟಿನ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದಳು, ಬೇಕಾದವರು ಬರಲಿ ಎಂಬಂತೆ. ಚೌಕಾಸಿಗಿಳಿದವರ ಕೈಯಿಂದ ಕಟ್ಟು ಕಿತ್ತುಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು. ಸಿಟ್ಟಿಗೆ ಕಾರಣವಿತ್ತು. ಆ ಬೀದಿ ಬೀದಿಯಾಗುವ ಮೊದಲು ಆಕೆಯ ಹೊಲವಾಗಿತ್ತು. ಅಲ್ಲಿ ಎದ್ದ ಮನೆಗಳಿಗೇ ಈಗ ಆಕೆ ಬೇಗೂರಿನ ತಮ್ಮನ ತೋಟದಿಂದ ಸೊಪ್ಪು ಹೊತ್ತು ತರಬೇಕಾಗಿತ್ತು.

ಆ ಮನೆಗಳಲ್ಲೊಂದು ನಿವೃತ್ತ ಹೆಡ್ ಗುಮಾಸ್ತ ಶಾಮಣ್ಣನವರದು. ಐವತ್ತೆಂಟನೆಯ ಇಸವಿಯಲ್ಲಿ ಅವರ ಸೊಸೆ ವಾರಿಜಾ ಏಳು ತಿಂಗಳ ಬಸುರಿ. ಮೊದಲ ಹೆರಿಗೆಯಲ್ಲಿ ಕೂಸನ್ನು ಕಳೆದುಕೊಂಡು, ತಾನೂ ಸಾವಿನ ಹೊಸ್ತಿಲು ಮುಟ್ಟಿ ಬಂದವಳು. ರಕ್ತ ಏರದಿದ್ದರೆ ಈ ಸಲ ಜೀವಕ್ಕೆ ಅಪಾಯ ಎಂದು ಎಚ್ಚರಿಸಿದ ಲೇಡಿ ಡಾಕ್ಟರು ಮಾತ್ರೆ ಬರೆದು, ಸೊಪ್ಪು, ಕಾಳು, ಹಣ್ಣು ಧಾರಾಳವಾಗಿ ಕೊಡಿ ಎಂದಿದ್ದರು. ಶಾಮಣ್ಣನವರು ಅದರಲ್ಲಿ ಹಣ್ಣನ್ನು ಮಾತ್ರ ಹಿಡಿದುಕೊಂಡರು. ಹಣ್ಣಿನಲ್ಲಿ ದೊಡ್ಡಸ್ತಿಕೆಯಿತ್ತು, ಸೊಪ್ಪು ಯಾರ ಮನೆಯಲ್ಲಿಲ್ಲ? ದಿನವೂ ಹತ್ತು ಗಂಟೆಗೆ ತಾವೇ ಮೋಸಂಬಿ ಹಿಂಡಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ, ಬೀದಿಗೆ ಕಾಣುವಂತೆ ಸೊಸೆಯನ್ನು ಜಗಲಿಯಲ್ಲಿ ಕೂರಿಸಿ ಕುಡಿಸುತ್ತಿದ್ದರು. ಆ ಸಿಹಿನೀರಿನಲ್ಲಿ ಹೊಟ್ಟೆ ತುಂಬಿ ವಾರಿಜಾಗೆ ಊಟ ಬೇಡವಾಗುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಈ ಸಲ ತಾನು ಉಳಿಯುವುದಿಲ್ಲವೆಂಬ ಭಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಸೀತಮ್ಮ ಕೆಂಪು ಹರಿವೆಯನ್ನು ಬೇಯಿಸಿ, ಮನೆಯ ಪದ್ಧತಿಯಂತೆ ಮಣ್ಣುವಾಸನೆ ಹೋಗಲೆಂದು ಹಿಂಡಿ, ನೀರನ್ನು ಬಚ್ಚಲಿಗೆ ಸುರಿದರು. ಅದು ಕೆಂಪಗೆ ಹರಿದು ಗೇಟಿನ ಪಕ್ಕದ ಮೋರಿಗೆ ಬಿದ್ದಾಗ ಮುನಿಲಕ್ಷ್ಮಮ್ಮ ಅಲ್ಲೇ ನಿಂತಿದ್ದಳು. ಮಂಕರಿಯನ್ನು ದೊಪ್ಪನೆ ಇಳಿಸಿದಳು.

"ಏನ್ರವ್ವಾ ಇದು! ಬಸ್ಸಾರು ಮಾಡೋ ನೀರ್ನ ಮೋರಿಗ್ ಬಿಡ್ತೀರಾ?"

"ಅದೆಲ್ಲಾ ನಿಮ್ಮನೇಲಿ ಕಣಮ್ಮ. ನಮ್ ಸೊಸೆಗೆ ಮೋಸಂಬಿ ರಸ ಕೊಡ್ತಿದೀವಿ," ಎಂದರು ಸೊಸೆಯೊಂದಿಗೆ ಜಗಲಿಯಲ್ಲಿದ್ದ ಶಾಮಣ್ಣನವರು, ಲೋಟ ಹಿಡಿದೇ.

"ಕೊಡಿ ಸಾಮಿ, ಬ್ಯಾಡ ಅಂದೋರ್ಯಾರು? ಹಣ್ಣಿನ ತಿರುಳ್ನ ತಿಪ್ಪೆಗ್ ಹಾಕಿ ನೀರು ಕುಡುಸ್ತೀರಿ, ಸೊಪ್ಪಿನ ನೀರ್ನ ಚೆಲ್ಲಿ ಚರಟ ತಿನ್ನುಸ್ತೀರಿ. ಇನ್ನು ಆ ಹೆಣ್ಮಗಳ ಮೈಗೆ ಏನ್ ಹತ್ತುತ್ತೆ?" ಆಮೇಲೆ ವಾರಿಜಾಳತ್ತ ತಿರುಗಿ, "ಕಣ್ರೆಪ್ಪೆ ಕೆಳಕ್ಕೆ ಎಳದು ತೋರ್ಸವ್ವ," ಎಂದಳು.

ವಾರಿಜಾ ತೋರಿಸಿದಳು. ಒಳಗೆ ಸುಣ್ಣ ಬಳಿದಷ್ಟು ಬಿಳುಪು.

"ಸಾಯಿಸ್ತೀರಾ ಇವಳ್ನ!" ಮುನಿಲಕ್ಷ್ಮಮ್ಮನ ದನಿಗೆ ಎದುರುಮನೆಯ ಕಿಟಕಿಗಳು ತೆರೆದವು. "ಇನ್ಮೇಲೆ ಸೊಪ್ಪು ಇವಳ ಕೈಗೇ ಕೊಡೋದು. ಬೇರೆಯೋರ್ಗೆ ಒಂದೆಲೇನೂ ಇಲ್ಲ."

ಕೊಟ್ಟಳು. ಕೊಟ್ಟದ್ದಲ್ಲದೆ, ಹಿಂದಿನ ದಿನ ಸೊಪ್ಪು ಬೇಯಿಸಿದ ನೀರು ಕುಡಿದೆಯಾ ಎಂದು ಪೊಲೀಸಿನವಳಂತೆ ದಿನವೂ ವಿಚಾರಿಸಿದಳು. ವಾರಿಜಾ, ಅತ್ತೆ ಪೂಜೆಗೆ ಕೂತ ಹೊತ್ತಿನಲ್ಲಿ, ಆ ನೀರಿಗೆ ಉಪ್ಪು ಹಾಕಿ ನಿಂಬೆ ಹಿಂಡಿ ಕುಡಿದಳು, ಸೊಪ್ಪು, ಕಾಳು ಹೊಟ್ಟೆತುಂಬ ತಿಂದಳು, ಮಾತ್ರೆಯನ್ನೂ ತಪ್ಪಿಸಲಿಲ್ಲ. ತಿಂಗಳಾದ ಮೇಲೆ ಡಾಕ್ಟರು ಪರೀಕ್ಷಿಸಿ ಇನ್ನು ಹೆದರಿಕೆಯಿಲ್ಲ ಎಂದರು. ಹೆಣ್ಣುಮಗು ಸುಸೂತ್ರವಾಗಿ ಹುಟ್ಟಿತು.

ನಾಮಕರಣದ ದಿನ ಪಂಕ್ತಿಯಲ್ಲಿ ಓಡಾಡುತ್ತ ಶಾಮಣ್ಣನವರು, "ಎಲ್ಲಾ ಮೋಸಂಬಿ ರಸದ ಮಹಿಮೆ ಸಾರ್!" ಎಂದು ಬೀಗುತ್ತಿದ್ದರು. ಗೇಟಿನಾಚೆ ಮಂಕರಿ ಹೊತ್ತು ನಿಂತಿದ್ದವಳಿಗೂ ಅದು ಕೇಳಿಸಿತು. ಆಕೆ ವಾರಿಜಾಳನ್ನು ನೋಡಿದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ವಾರಿಜಾ ತಲೆ ತಗ್ಗಿಸಿದಳು.

ಇಂಥವರು ಆಗ ಬೀದಿಗೊಬ್ಬರಿದ್ದರು. ಅವರ ನೆಲದ ಮೇಲೆ ಮನೆ ಕಟ್ಟಿ, ಅವರ ತಿಳಿವಳಿಕೆಯಿಂದ ಬದುಕಿ ಉಳಿದು, ಅವರನ್ನು ನಾವು ಬಾಯಿಬಡುಕಿಯರೆಂದು ಕರೆದೆವು. ಬೇರೆಯವರ ಮಗಳು ಸಾಯುತ್ತಾಳಲ್ಲಾ ಎಂದು ಸಂಕಟಪಟ್ಟು ಬೈಯುವವರನ್ನು ಒಳಗೆ ಕರೆದು ಎಲೆ ಹಾಕಬೇಕೆಂದು ಯಾರಿಗೂ ತೋಚುವುದಿಲ್ಲ. ತೋಚಿದವರು ಬಾಯಿ ಬಿಡುವುದಿಲ್ಲ.